ಎರಡು ದಿನ ತಡಕ್ಕೆ 100 ರೂಪಾಯಿ: ಕೋರ್ಟಿಗೆ ಹೋಗಬಹುದಾ?

ಶಾಲಿನಿ, ಮೈಸೂರು: ಅಪ್ಪನ ಮನೆಯ ಇಂಟರ್ನೆಟ್ ಬಿಲ್ 706 ರೂಪಾಯಿ. ಕಟ್ಟಲು ಕೊನೆ ದಿನ 29, ಪಿಂಚಣಿ ಬರುವುದು 1ಕ್ಕೆ. ಎರಡು ದಿನ ತಡವಾಯಿತು. ಮುಂದಿನ ಬಿಲ್‌ನಲ್ಲಿ 'ಲೇಟ್ ಫೀ 100' ಅಂತ ಹಾಕಿದ್ದಾರೆ. ಕರೆಂಟ್ ಬಿಲ್ ತಡವಾದರೆ ತಿಂಗಳಿಗೆ ಶೇ 1 ಬಡ್ಡಿ. ಆ ಲೆಕ್ಕದಲ್ಲಿ ಎರಡು ದಿನಕ್ಕೆ 50 ಪೈಸೆಯೂ ಆಗಲ್ಲ. ಗ್ರಾಹಕರ ಕೋರ್ಟಿಗೆ ಹೋದರೆ ನಿಲ್ಲುತ್ತಾ?

ತುಮಕೂರು ಹುಡುಗ: ಷರತ್ತು ಒಪ್ಪಿ ಸಹಿ ಹಾಕಿದ್ದು ನೀವೇ ಅಲ್ವಾ? 100 ಅಂತಿದ್ದರೆ 100 ಕಟ್ಟಬೇಕು. ಆಟೋಪೇ ಹಾಕಿಬಿಡಿ, ತಲೆನೋವೇ ಇರಲ್ಲ.

ಕರಿಕೋಟು: ಸಹಿ ಹಾಕಿದ ಮಾತ್ರಕ್ಕೆ ಮುಗಿಯಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಓದಿ. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ, ಕೋರ್ಟ್ ಕೊಡಿಸುವುದು ಅದರೊಳಗೆ ನ್ಯಾಯ ಎನಿಸಿದ ಪರಿಹಾರ. ಆಗಿರುವ ನಷ್ಟಕ್ಕೆ ತಾಳೆಯೇ ಆಗದ ದಂಡವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರಿನ ಸಾಲಿಗೆ ಸೇರಿಸುತ್ತದೆ.

ಬಾಲ್ಟಿಮೋರ್ ಕನ್ನಡಿಗ: ಅಮೆರಿಕದಲ್ಲಿ ನಮ್ಮ ಮೇರಿಲ್ಯಾಂಡ್ ರಾಜ್ಯದಲ್ಲಿ ಗ್ರಾಹಕರು ಇದನ್ನೇ ಹಿಡಿದು ಗೆದ್ದರು. ಕೇಬಲ್ ಬಿಲ್ ತಡವಾದರೆ 5 ಡಾಲರ್ ಹಾಕುತ್ತಿದ್ದರು. ವರ್ಷಕ್ಕೆ ಶೇ 6 ಬಡ್ಡಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಅಂತ 1999ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟ್ ಹೇಳಿತು. 30 ಡಾಲರ್ ಬಿಲ್‌ಗೆ ತಿಂಗಳಿಗೆ 15 ಸೆಂಟ್!

ತುಮಕೂರು ಹುಡುಗ: ಗೆದ್ದರು ಅಂತ ಅರ್ಧ ಹೇಳಬೇಡಿ ಸಾರ್. ಮರು ವರ್ಷವೇ ಅಲ್ಲಿನ ಶಾಸನಸಭೆ ಲೇಟ್ ಫೀ ತೆಗೆದುಕೊಳ್ಳಲು ಕಾನೂನು ಮಾಡಿತು. ನಮ್ಮಲ್ಲೂ ಕ್ರೆಡಿಟ್ ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30 ಬಡ್ಡಿಯ ಮಿತಿ ಹಾಕಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು.

ಬಾಲ್ಟಿಮೋರ್ ಕನ್ನಡಿಗ: ಅರ್ಧ ಹೇಳಿದ್ದು ನೀವು. ಆ ಕಾನೂನು ಹಳೆಯ ಫೀಗಳಿಗೂ ಅನ್ವಯಿಸುತ್ತೆ ಅಂದಿದ್ದನ್ನು ಅದೇ ಕೋರ್ಟ್ 2002ರಲ್ಲಿ ಹೊಡೆದುಹಾಕಿತು.

ಶಾಲಿನಿ, ಮೈಸೂರು: ಆಟೋಪೇ ಹಾಕಿಬಿಡಿ ಅಂತೀರಲ್ಲ, ಅಪ್ಪನಿಗೆ 74 ವರ್ಷ. ಗುಂಡಿ ಒತ್ತುವ ಫೋನ್. ಪ್ರತಿ ಬಿಲ್ಲನ್ನೂ ಭೂತಗನ್ನಡಿ ಹಿಡಿದು ಓದುತ್ತಾರೆ. ಕಟ್ಟಿದ ದಿನ ಕ್ಯಾಲೆಂಡರ್ ಚೌಕದೊಳಗೆ ಪೆನ್ಸಿಲ್‌ನಲ್ಲಿ ಮೊತ್ತ ಬರೆದು ಗೀಟು ಎಳೆಯುತ್ತಾರೆ. ಅವರ ಖಾತೆಯಿಂದ ದುಡ್ಡು ತಾನಾಗಿ ಹೋಗಬೇಕಾ?

ತುಮಕೂರು ಹುಡುಗ: ತಾನಾಗಿ ಹೋಗಲ್ಲ ಮೇಡಂ. 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಮಗಳಾಗಿ ನೀವೇ ಒಮ್ಮೆ ಹಾಕಿಕೊಡಬಹುದಿತ್ತು.

ಶಾಲಿನಿ, ಮೈಸೂರು: ಮಗಳ ವಿಷಯ ಇಲ್ಲಿ ಎತ್ತಬೇಡಿ. ನಾನು ಏನು ಮಾಡುತ್ತೇನೆ, ಏನು ಮಾಡಲ್ಲ ಅಂತ ನಿಮಗೇನು ಗೊತ್ತು? 29ಕ್ಕೆ ಖಾತೆಯಲ್ಲಿ ದುಡ್ಡೇ ಇಲ್ಲದಾಗ ಆಟೋಪೇ ಎಲ್ಲಿಂದ ಕಟ್ಟುತ್ತೆ?

ಗೀತಕ್ಕ, ಶಿರಸಿ: ಸರಿಯಾಗಿ ಹೇಳಿದೆ ಶಾಲಿನಿ. ನಮ್ಮಲ್ಲಿ ಮಳೆಗಾಲದಲ್ಲಿ ಮೂರು ದಿನ ನೆಟ್‌ವರ್ಕೇ ಇರಲ್ಲ. ಯಾವ ಮೆಸೇಜ್ ನೋಡುವುದು?

ತುಮಕೂರು ಹುಡುಗ: ಶಿರಸಿ ಮಳೆಗೂ ಮೈಸೂರಿನ ಬಿಲ್‌ಗೂ ಏನು ಸಂಬಂಧ ಅಕ್ಕಾ?

ಗೀತಕ್ಕ, ಶಿರಸಿ: ಬಿಲ್ ಕಟ್ಟುವವರೆಲ್ಲ ನಿನ್ನ ಹಾಗೆ ಇರುವುದಿಲ್ಲ ತಮ್ಮಾ. ಅದೇ ಸಂಬಂಧ.

ಕರಿಕೋಟು: ಆಟೋಪೇ ಜಗಳ ಬಿಡಿ. ಶಾಲಿನಿಯವರೇ, ಅನ್ಯಾಯದ ಕರಾರು ಅಂತ ದೂರು ಕೊಡುವುದಾದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ (ನೀವು ಹೇಳುವ ಗ್ರಾಹಕರ ಕೋರ್ಟ್) ಆಗಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು.

ತುಮಕೂರು ಹುಡುಗ: ನೋಡಿ, 100 ರೂಪಾಯಿಗೆ ಬೆಂಗಳೂರು! ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ.

ಕರಿಕೋಟು: ಒಬ್ಬರ 100 ಅಂತ ಯಾಕೆ ನೋಡುತ್ತೀರಿ? ಒಂದೇ ತೊಂದರೆ ಇರುವವರು ಸೇರಿ ಒಂದೇ ದೂರು ಕೊಡಬಹುದು. ಮೇರಿಲ್ಯಾಂಡ್‌ನವರೂ ಗುಂಪಾಗಿಯೇ ಹೋಗಿದ್ದು.

ಶಾಲಿನಿ, ಮೈಸೂರು: ಹಾಗಾದರೆ ಬಿಲ್‌ನಲ್ಲಿ ಇದೇ 100 ಇರುವವರು ಇಲ್ಲೇ ಹೇಳಿ. ಅಪ್ಪನ ಹತ್ತಿರ ಆರು ವರ್ಷದ ಕ್ಯಾಲೆಂಡರ್ ಇದೆ.

ತುಮಕೂರು ಹುಡುಗ: ಕ್ಯಾಲೆಂಡರ್ ಸಾಕ್ಷಿ ಆಗಲ್ಲ. ರಸೀದಿ ಇದೆಯಾ?

ಶಾಲಿನಿ, ಮೈಸೂರು: ಇದೆ. ಒಂದೊಂದೂ ಇದೆ.