ಹೆಡ್‌ಫೋನಲ್ಲಿ ಮೊದ್ಲು ಬೇಸ್ (ಹಾಡಿನ ಕೆಳಗಿನ ದಪ್ಪ ಸದ್ದು) ಬೇಕಿತ್ತು, ಆಮೇಲೆ ಬೇಡ ಅನ್ಸ್ತು, ಈಗ ಮತ್ತೆ ಬೇಕು. ನಿಮಗೂ ಹಿಂಗಾಗಿದ್ಯಾ?

ಹಾಸನದ_ಹುಡ್ಗ

ಎಲ್ರಿಗೂ ನಮಸ್ಕಾರ, ಪ್ರಶ್ನೆ ಸ್ವಲ್ಪ ಉದ್ದ ಇದೆ, ತಡ್ಕೊಳಿ.

ಇಂಜಿನಿಯರಿಂಗ್ ಓದೋವಾಗ ಹಾಸ್ಟೆಲಲ್ಲಿ ಎಲ್ರ ಹತ್ರನೂ ಸೋನಿ ಎಕ್ಸ್‌ಬಿ ಸೀರೀಸ್ ಇಲ್ಲಾಂದ್ರೆ ಅದೇ ಥರ ಬೇಸ್ ಜಾಸ್ತಿ ಇರೋ ಇಯರ್‌ಫೋನು, ಡಬ್ಬದ ಮೇಲೆ ಬೇಸ್ ಅನ್ನೋ ಪದ ಇಲ್ಲ ಅಂದ್ರೆ ಯಾರೂ ಕೈಲಿ ಮುಟ್ಟಲ್ಲ, ಅದ್ರ ಮೇಲೆ ಫೋನಲ್ಲಿ ಬೇಸ್ ಬೂಸ್ಟ್ ಬೇರೆ ಆನ್. ಆಮೇಲೆ ಕೆಲ್ಸ ಸಿಕ್ತು, ರಿವ್ಯೂ ಓದೋ ಚಟ ಹತ್ಕೊಂತು, ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದ್ಮೊದ್ಲು ಏನಪ್ಪಾ ಇಷ್ಟು ಸಪ್ಪೆ ಅನ್ಸ್ತು, ಬರ್ತಾ ಬರ್ತಾ ಕಿವಿ ಒಗ್ಗಿಹೋಯ್ತು, ಹಾಡೋರು ಉಸಿರು ಎಳ್ಕೊಳೋದೂ ಕೇಳೋಕೆ ಶುರುವಾಯ್ತು, ಆಮೇಲೆ ಹಳೇ ಎಕ್ಸ್‌ಬಿ ಹಾಕಿದ್ರೆ ಗಾಯಕರು ಕಂಬಳಿ ಹೊದ್ಕೊಂಡು ಹಾಡ್ತಿರೋ ಥರ. ಬೇಸ್ ಅಂದ್ರೆ ಹುಡುಗಾಟ ಅಂತ ನಾಲ್ಕು ಜನಕ್ಕೆ ಉಪದೇಶನೂ ಮಾಡಿದ್ದೆ.

ಈಗ ಮೂವತ್ತೈದರ ಹತ್ರ ಬಂದಿದೀನಿ. ರಾತ್ರಿ ಮಗು ಮಲಗಿದ್ಮೇಲೆ ಅದೇ ಎಚ್‌ಡಿ 600 ಹಾಕ್ಕೊಂಡು ಕೂತ್ರೆ ಏನೋ ಕಮ್ಮಿ ಅನ್ಸತ್ತೆ, ಈಕ್ವಲೈಸರಲ್ಲಿ (ಸದ್ದಿನ ಒಂದೊಂದು ಭಾಗನ ಬೇರೆ ಬೇರೆಯಾಗಿ ಏರಿಸಿ ಇಳಿಸೋದು) 100 ಹರ್ಟ್ಜ್ ಕೆಳಗೆ 5 ಡಿಬಿ ಏರಿಸ್ಕೊಂಡು ಕೇಳ್ತಿದೀನಿ. ಕಿವಿ ಹೋಗ್ತಿದ್ಯಾ, ಟೇಸ್ಟ್ ತಿರುಗ್ತಿದ್ಯಾ, ಇಲ್ಲಾ ಇಷ್ಟು ವರ್ಷ ನ್ಯೂಟ್ರಲ್ ನ್ಯೂಟ್ರಲ್ (ಯಾವ ಸದ್ದನ್ನೂ ಎತ್ತದೆ ಇಳಿಸದೆ ಇರೋದು) ಅಂದಿದ್ದೆಲ್ಲಾ ಬರೀ ಬಿಲ್ಡಪ್ಪಾ?

ಲೌಡ್‌ನೆಸ್_ಬಟನ್

ಗುರು, ನೀವೇ ಉತ್ತರ ಬರ್ದಿದೀರ, "ಮಗು ಮಲಗಿದ್ಮೇಲೆ" ಅಂತ. ವಾಲ್ಯೂಮ್ ಎಷ್ಟಿರತ್ತೆ ಆಗ?

ನಮ್ ಕಿವಿ ಸಣ್ಣ ಸದ್ದಲ್ಲಿ ಬೇಸನ್ನ ಸರಿಯಾಗಿ ಹಿಡಿಯಲ್ಲ. ಇದನ್ನ 1933ರಲ್ಲೇ ಬೆಲ್ ಲ್ಯಾಬ್ಸಲ್ಲಿ ಫ್ಲೆಚರ್, ಮನ್ಸನ್ ಅನ್ನೋರು ಅಳತೆ ಮಾಡಿ ತೋರ್ಸಿದ್ರು, ಈಗ ಅದು ಐಎಸ್‌ಒ 226 ಅಂತ ಸ್ಟ್ಯಾಂಡರ್ಡೇ ಆಗಿದೆ. 1000 ಹರ್ಟ್ಜ್ ಸದ್ದು 40 ಡಿಬಿಲಿ ಎಷ್ಟು ಜೋರಾಗಿ ಕೇಳತ್ತೋ ಅಷ್ಟೇ ಜೋರಾಗಿ 50 ಹರ್ಟ್ಜ್ ಕೇಳ್ಬೇಕು ಅಂದ್ರೆ ಅದು 70 ಡಿಬಿ ದಾಟಿರ್ಬೇಕು. ವಾಲ್ಯೂಮ್ ಏರಿಸ್ತಾ ಹೋದಂಗೆ ಈ ಅಂತರ ಕಮ್ಮಿ ಆಗತ್ತೆ. ಅಂದ್ರೆ ಅದೇ ಹಾಡು, ಅದೇ ಹೆಡ್‌ಫೋನು, ಬರೀ ವಾಲ್ಯೂಮ್ ಇಳಿಸಿದ್ರೆ ಸಾಕು, ಮೊದ್ಲು ಮಾಯ ಆಗೋದೇ ಬೇಸ್. ಹಳೇ ಸ್ಟೀರಿಯೋ ಆಂಪ್ಲಿಫೈಯರಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇರ್ತಿತ್ತಲ್ಲ, ಅದು ಇದಕ್ಕೇ ಇದ್ದಿದ್ದು, ಸಣ್ಣಕ್ಕೆ ಇಟ್ಟು ಕೇಳೋವಾಗ ಬೇಸ್ ಎತ್ತಿ ಕೊಡೋಕೆ. ನಮ್ಮನೇಲಿ ಅದನ್ನ ಯಾವಾಗ್ಲೂ ಒತ್ತೇ ಇಡ್ತಿದ್ರು, ಅದು ಬೇರೆ ಕತೆ.

ಇನ್ನು ಕಿವಿ ಹೋಗ್ತಿದ್ಯಾ ಅನ್ನೋದು. ವಯಸ್ಸಿಗೆ ಮೊದ್ಲು ಹೋಗೋದು ಮೇಲಿನ ಫ್ರೀಕ್ವೆನ್ಸಿ, ಕೆಳಗಿಂದಲ್ಲ. ಹಂಗೇನಾದ್ರೂ ಆಗಿದ್ರೆ ಟ್ರೆಬಲ್ (ಮೇಲಿನ ಚೂಪು ಸದ್ದು) ಸಾಲ್ತಿಲ್ಲ, ಎಲ್ಲಾ ಮಂಕು ಅಂತ ಇಲ್ಲಿ ಬರ್ದಿರ್ತಿದ್ರಿ. ಆದ್ರೂ ಹಾಸ್ಟೆಲ್ ಟೈಮಲ್ಲಿ ಫುಲ್ ವಾಲ್ಯೂಮಲ್ಲಿ ಕೇಳಿದ್ರೆ ಒಂದ್ಸಲ ಟೆಸ್ಟ್ ಮಾಡಿಸ್ಕೊಳಿ, ಡಬ್ಲ್ಯೂಎಚ್‌ಒ ಲೆಕ್ಕದಲ್ಲಿ 80 ಡಿಬಿ ಆದ್ರೆ ವಾರಕ್ಕೆ 40 ಗಂಟೆ ಅಷ್ಟೇ ಸೇಫು, ಅದಕ್ಕಿಂತ ಜೋರಾದ್ರೆ ಗಂಟೆ ಬೇಗ ಬೇಗ ಇಳಿಯತ್ತೆ.

ಬಿಎಂಟಿಸಿ_ಕಿಟಕಿ_ಸೀಟು

ಮೇಲಿನೋರು ಹೇಳಿದ್ದು ಸರಿ, ಆದ್ರೆ ಇನ್ನೊಂದಿದೆ. ಕಾಲೇಜಲ್ಲಿ ನೀವು ಕೇಳ್ತಿದ್ದಿದ್ದು ಎಲ್ಲಿ? ಬಸ್ಸಲ್ಲಿ, ಟ್ರೇನಲ್ಲಿ, ಗಲಾಟೆ ಹಾಸ್ಟೆಲಲ್ಲಿ ತಾನೇ? ಬಸ್ ಇಂಜಿನ್ ಗೊಂಯ್ ಅನ್ನೋದಿದ್ಯಲ್ಲ ಅದೆಲ್ಲಾ ಕೆಳಗಿನ ಫ್ರೀಕ್ವೆನ್ಸಿನೇ, ಹಾಡಲ್ಲಿರೋ ಬೇಸನ್ನ ಅದು ನುಂಗ್ಬಿಡತ್ತೆ, ಅದಕ್ಕೇ ಹೊರಗಡೆ ಎಷ್ಟು ಬೇಸ್ ಇದ್ರೂ ಸಾಲಲ್ಲ, ಅದೇ ಇಯರ್‌ಫೋನ್ ಮನೇಲಿ ಹಾಕಿದ್ರೆ ತಲೆನೋವು. ಎಎನ್‌ಸಿ (ಹೊರಗಿನ ಗಲಾಟೆ ಅಳಿಸೋ ಸೌಲಭ್ಯ) ಕೆಲ್ಸ ಮಾಡೋದೂ ಮುಖ್ಯವಾಗಿ ಈ ಕೆಳಗಿನ ಸದ್ದಿನ ಮೇಲೇನೇ. ನಾನು ಎಎನ್‌ಸಿ ತಗೊಂಡ್ಮೇಲೆ ಬಸ್ಸಲ್ಲೂ ಬೇಸ್ ಬೂಸ್ಟ್ ಆಫ್, ಯಾರೂ ಉಪದೇಶ ಮಾಡ್ಲಿಲ್ಲ ನಂಗೆ 😄

ಮತ್ತೆ ಇಯರ್‌ಫೋನ್ ಆದ್ರೆ ಕಿವಿ ಒಳಗೆ ಹೋಗೋ ರಬ್ಬರ್ ಟಿಪ್ ನೋಡ್ಕೊಳಿ, ಕಿವೀಲಿ ಸರಿಯಾಗಿ ಕೂರ್ದೆ ಚೂರು ಗಾಳಿ ಆಡಿದ್ರೂ ಬೇಸ್ ಸೋರಿ ಹೋಗತ್ತೆ. ಕ್ಲೋಸ್ಡ್ (ಹಿಂಬದಿ ಮುಚ್ಚಿರೋ) ಹೆಡ್‌ಫೋನ್ ಆದ್ರೆ ಕನ್ನಡಕದ ಕಡ್ಡಿ ಸಂದೀಲೂ ಅದೇ ಕತೆ. ಬೇಸ್ ಇಲ್ಲ ಅಂತ ಎಷ್ಟೋ ಜನ ಮಾಡೆಲ್ಲೇ ಬದಲಾಯಿಸ್ತಾರೆ, ದೊಡ್ಡ ಸೈಜ್ ಟಿಪ್ ಡಬ್ಬದಲ್ಲೇ ಬಿದ್ದಿರತ್ತೆ.

ಶ್ರುತಿಪೆಟ್ಟಿಗೆ

ಎಲ್ರೂ ಕಿವಿ ಬಗ್ಗೆನೇ ಮಾತಾಡ್ತಿದೀರ, ನ್ಯೂಟ್ರಲ್ ಅನ್ನೋದೇ ಜಾಗ ಬದಲಾಯ್ಸಿದೆ ಅನ್ನೋದನ್ನ ಯಾರೂ ಹೇಳ್ತಿಲ್ವಲ್ಲ.

1979ರ ವಾಕ್‌ಮನ್ ಜೊತೆ ಬಂದಿದ್ದು ಕಿವಿ ಮೇಲೆ ಕೂರೋ ಸ್ಪಂಜಿನ ಹೆಡ್‌ಫೋನು, ಅದ್ರಲ್ಲಿ ಆಳದ ಬೇಸ್ ಬರೋಕೆ ಸಾಧ್ಯನೇ ಇರ್ಲಿಲ್ಲ. 1991ರ ಎಟಿಮೋಟಿಕ್ ಇಆರ್-4 ಇಯರ್‌ಫೋನ್ ಹೊತ್ತಿಗೆ ಕಿವಿ ಒಳಗೆ ಗಟ್ಟಿಯಾಗಿ ಕೂರೋದು ಬಂತು, ಬೇಸ್ ಕೊಡ್ಬೋದಿತ್ತು, ಆದ್ರೂ ಸಪಾಟಾಗೇ ಇಟ್ರು, ಯಾಕಂದ್ರೆ ಆಗ ನಿಖರ ಅಂದ್ರೆ ಅದೇ. ಹಾಸನದೋರ ಎಚ್‌ಡಿ 600 ಇದ್ಯಲ್ಲ, ಅದೂ 1997ರದ್ದು. 2008ರಲ್ಲಿ ಬೇಸ್ ಜಾಸ್ತಿ ಇರೋ ಬೀಟ್ಸ್ ಹೆಡ್‌ಫೋನ್ ಬಂದಾಗ ಆಡಿಯೋಫೈಲ್‌ಗಳೆಲ್ಲಾ (ಸದ್ದಿನ ಗುಣಮಟ್ಟದ ಹುಚ್ಚಿರೋರು) ಮೂಗು ಮುರಿದ್ರು, ಜನ ಮಾತ್ರ ಮುಗಿಬಿದ್ದು ತಗೊಂಡ್ರು, 2014ರಲ್ಲಿ ಆಪಲ್ 300 ಕೋಟಿ ಡಾಲರ್ ಕೊಟ್ಟು ಆ ಕಂಪನಿನೇ ತಗೊಂತು.

ಅದೇ ಸುಮಾರಿಗೆ ಹಾರ್ಮನ್ ಅನ್ನೋ ಆಡಿಯೋ ಕಂಪನೀಲಿ ಶಾನ್ ಆಲಿವ್, ಟಾಡ್ ವೆಲ್ಟಿ ಅನ್ನೋ ಸಂಶೋಧಕರು ಕೇಳುಗರನ್ನ ಕೂರಿಸಿ ಬೇಸ್ ಎಷ್ಟು ಬೇಕು ನೀವೇ ತಿರುಗಿಸ್ಕೊಳಿ ಅಂತ ಬಿಟ್ಟು ನೋಡಿದ್ರು. ಜನಕ್ಕೆ ಬೇಕಾಗಿದ್ದು ಹಳೇ ಸಪಾಟು ಸದ್ದಲ್ಲ, ಸುಮಾರು 105 ಹರ್ಟ್ಜಿಂದ ಕೆಳಗೆ ಎತ್ತಿರೋ ಬೇಸ್. ಅದನ್ನಿಟ್ಟು ಮಾಡಿದ ಗ್ರಾಫೇ ಹಾರ್ಮನ್ ಕರ್ವ್, ಅಂದ್ರೆ ಟಾರ್ಗೆಟ್; ಇಯರ್‌ಫೋನ್ ಟಾರ್ಗೆಟ್ಟಲ್ಲಂತೂ ಅದು ಓವರ್‌ಇಯರ್‌ಗಿಂತ ಇನ್ನೂ ಜಾಸ್ತಿ. ಈಗ ಸಾವಿರ ಎರಡು ಸಾವಿರದ ಚೈನಾ ಇಯರ್‌ಫೋನೂ ಅದೇ ಗ್ರಾಫ್ ಹಿಂದೆ ಓಡ್ತಿದೆ. ಟ್ರೂತಿಯರ್ ಝೀರೋ ರೆಡ್ ಅನ್ನೋ ಇಯರ್‌ಫೋನ್ ಡಬ್ಬದಲ್ಲಿ 10 ಓಮ್‌ದೊಂದು ಪುಟ್ಟ ಅಡಾಪ್ಟರ್ ಕೊಟ್ಟಿದಾರೆ, ಸಿಗಿಸಿದ್ರೆ ಬೇಸ್ ಏರತ್ತೆ, ಎರಡೂ ಥರದ ಗಿರಾಕಿಗೂ ಒಂದೇ ಮಾಲು. ಅಂದ್ಮೇಲೆ ನೀವು 5 ಡಿಬಿ ಏರಿಸಿದ್ದು ಬೇಸ್‌ಹೆಡ್ (ಬೇಸ್ ಹುಚ್ಚಿರೋರು) ಆಗೋಕಲ್ಲ ಸ್ವಾಮಿ, ಇವತ್ತಿನ ನ್ಯೂಟ್ರಲ್ ಹತ್ರ ಬರೋಕೆ.

ವಯಸ್ಸಿನ ವಿಷ್ಯಾನೂ ಅವರೇ ನೋಡಿದಾರೆ. ಚಿಕ್ಕ ವಯಸ್ಸಿನೋರು, ಕೇಳಿ ಪಳಗದೇ ಇರೋರು ಬೇಸೂ ಟ್ರೆಬಲ್ಲೂ ಎರಡೂ ಜಾಸ್ತಿ ಇಟ್ಕೊಂಡ್ರಂತೆ, ಹೆಂಗಸರು ಗಂಡಸರಿಗಿಂತ ಕಮ್ಮಿ. ಆಮೇಲಿನ ಲೆಕ್ಕದಲ್ಲಿ 64 ಪರ್ಸೆಂಟ್ ಜನಕ್ಕೆ ಹಾರ್ಮನ್ ಕರ್ವೇ ಇಷ್ಟ, 15 ಪರ್ಸೆಂಟಿಗೆ ಇನ್ನೂ ಬೇಸ್ ಬೇಕು, 21ಕ್ಕೆ ಕಮ್ಮಿ ಸಾಕು. (ನಾನು ಹೆಂಗಸೇ, ಆದ್ರೆ 15ರ ಗುಂಪಲ್ಲಿದೀನಿ, ಗಣೇಶನ ಮೆರವಣಿಗೆ ಡೀಜೆ ಕೇಳಿ ಬೆಳ್ದಿರೋ ಕಿವಿ.) ಒಂದು ತಕರಾರು ಇದೆ ಆದ್ರೆ. ಇದು ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಜನರನ್ನ ಹೋಲಿಸಿದ್ದು, ಒಬ್ಬರನ್ನೇ ಇಪ್ಪತ್ತರಿಂದ ಐವತ್ತರವರೆಗೆ ಬೆನ್ನು ಹತ್ತಿ ನೋಡಿದ್ದಲ್ಲ. ಈಗಿನ ಐವತ್ತರೋರಿಗೆ ಬೇಸ್ ಬೇಡ ಅಂದ್ರೆ ಅದು ವಯಸ್ಸಿಂದಾನಾ, ಅವರು ಕ್ಯಾಸೆಟ್ ಕಾಲದಲ್ಲಿ ಬೆಳ್ದಿದ್ದಕ್ಕಾ, ಈ ಡೇಟಾ ಇಟ್ಕೊಂಡು ಹೇಳೋಕಾಗಲ್ಲ. ವಯಸ್ಸಾದ್ರೆ ಬೇಸ್ ಬಿಟ್ಟೋಗತ್ತೆ ಅಂತ ಇದನ್ನ ತೋರ್ಸೋರು ಇಲ್ಲಿ ಬರೋ ಮುಂಚೆನೇ ಹೇಳಿಟ್ಟೆ.

ಧಾರವಾಡ_ಡಗ್ಗಾ

ಎಲ್ಲಾರೂ ಬೇಸ್ ಎಷ್ಟು ಅಂತ ಕೇಳಾಕತ್ತೀರಿ, ಯಾವ ಬೇಸ್ ಅಂತ ಯಾರೂ ಕೇಳವಲ್ರಿ.

ನಾ ತಬಲಾ ಕೇಳಾಂವ. ಡಗ್ಗಾದ (ತಬಲಾ ಜೋಡಿಯಾಗ ಎಡಗೈಲೆ ಬಾರಸೋದು) ಮ್ಯಾಲ ಮುಂಗೈ ಒತ್ತಿ ದನಿ ಜಾರಸ್ತಾರಲ್ರಿ, ಆ ಜಾರೋದು ಕೇಳಬೇಕಂದ್ರ ಬೇಸ್ ಆಳ ಇರಬೇಕು, ಮತ್ತ ಸ್ವಚ್ಛ ಇರಬೇಕು. ಅಗ್ಗದ ಬೇಸ್ ಇಯರ್‌ಫೋನ್‌ದಾಗ ಏನ್ ಮಾಡ್ತಾರಂದ್ರ 150 ರಿಂದ 300 ಹರ್ಟ್ಜ್ ನಡುವ ಒಂದ್ ಗುಡ್ಡ ಎಬ್ಬಸ್ತಾರ. ಧಂ ಧಂ ಅಂತೈತಿ, ಖರೇ, ಆದ್ರ ಜಾರೋದು ಕೇಳಂಗಿಲ್ಲ, ಎಲ್ಲಾ ಪೆಟ್ಟೂ ಒಂದೇ ನಮೂನಿ. ಮ್ಯಾಲ ಗಂಡ್ಮಕ್ಕಳ ದನಿ ಇರೋದೂ ಅಲ್ಲೇ, ಅದೂ ಹೂತು ಹೋಕ್ಕೈತಿ. ತಂಬೂರಿ ಕಾಳಿ ಒಂದಕ್ಕ (ಹಾರ್ಮೋನಿಯಂದ ಮೊದಲ ಕರಿ ಮನಿ) ಕೂಡಿಸಿದ್ರ ಖರ್ಜದ (ಎಲ್ಲಾಕ್ಕಿಂತ ಕೆಳಗಿನ ಸಾ) ತಂತಿ 69 ಹರ್ಟ್ಜ್ ಆಸುಪಾಸು ಬರತೈತಿ, ಆ ಗುಡ್ಡ ಅದಕ್ಕೇನೂ ಉಪಯೋಗ ಆಗಂಗಿಲ್ಲ.

ನಿಮಗ ಕಾಲೇಜಿನ್ಯಾಗ ಸೇರಿದ್ದು ಆ ಗುಡ್ಡ, ಆಮ್ಯಾಲ ಬ್ಯಾಸರಾಗಿದ್ದೂ ಅದ. ಈಗ ಬೇಕಾಗಿರೋದು ಅದರ ಕೆಳಗಿಂದು. ಎರಡಕ್ಕೂ ಬೇಸ್ ಅಂತಾನ ಅಂತೀವಿ, ಅದಕ್ಕ ತಿರುಗಿ ಬಂದಂಗ ಅನಸ್ತೈತಿ ನಿಮಗ.

ಹಾಸನದ_ಹುಡ್ಗ

ಧಾರವಾಡದ ಸರ್ ಹೇಳಿದ್ದು ನೇರ ತಾಗ್ತು. ಎಲ್ರಿಗೂ ಥ್ಯಾಂಕ್ಸ್.

ನಿನ್ನೆ ಮಧ್ಯಾಹ್ನ ಮನೇಲಿ ಯಾರೂ ಇಲ್ದೇ ಇದ್ದಾಗ ವಾಲ್ಯೂಮ್ ಏರಿಸಿ ನೋಡ್ದೆ, 5 ಡಿಬಿ ಜಾಸ್ತಿ ಅನ್ಸ್ತು, 2 ಇಟ್ರೆ ಸಾಕಾಯ್ತು. ಆದ್ರೆ ಸೊನ್ನೆ ಅಂತೂ ಬೇಡ ಅನ್ಸ್ತು, ಸೋ ಬರೀ ವಾಲ್ಯೂಮ್ ವಿಷ್ಯ ಅಲ್ಲ, ಮಿಕ್ಕಿದ್ದು ಶ್ರುತಿಪೆಟ್ಟಿಗೆ ಮೇಡಂ ಹೇಳಿದ್ದೇ ಇರ್ಬೇಕು. ಇನ್ನೊಂದು ಡೌಟು, ರಾತ್ರಿ 7-8 ಡಿಬಿಗೆ ಏರಿಸಿದ್ರೆ ಕೆಲವು ಹೊಸ ಹಾಡಲ್ಲಿ ಕರಕರ ಅನ್ನತ್ತೆ, ಹೆಡ್‌ಫೋನ್ ಹಾಳಾಗತ್ತಾ?

ಲೌಡ್‌ನೆಸ್_ಬಟನ್

ಪ್ರೀಆಂಪ್ (ಈಕ್ವಲೈಸರಲ್ಲಿ ಇಡೀ ಸದ್ದಿನ ಮಟ್ಟ) ಇಳಿಸಿದೀರಾ? ಈಕ್ವಲೈಸರಲ್ಲಿ 7 ಏರಿಸಿದ್ರೆ ಪ್ರೀಆಂಪ್ ಮೈನಸ್ 7 ಇಡ್ಬೇಕು, ಇಲ್ಲಾಂದ್ರೆ ಡಿಜಿಟಲಲ್ಲೇ ಕ್ಲಿಪ್ ಆಗತ್ತೆ (ಮಿತಿ ಮೀರಿ ಸದ್ದಿನ ತುದಿ ಕತ್ತರಿಸಿಹೋಗತ್ತೆ), ಹೊಸ ಹಾಡುಗಳು ಮೊದ್ಲೇ ಮೇಲಿನವರೆಗೂ ತುಂಬಿಸಿ ಬಂದಿರತ್ವೆ. ಅದಾದ್ಮೇಲೂ ಕರಕರ ಅಂದ್ರೆ ಡ್ರೈವರ್ (ಹೆಡ್‌ಫೋನ್ ಒಳಗಿನ ಪುಟ್ಟ ಸ್ಪೀಕರ್) ಕೈಲಿ ಆಗ್ತಿಲ್ಲ ಅಂತ, ಎಚ್‌ಡಿ 600 ಓಪನ್ (ಹಿಂಬದಿ ತೆರೆದಿರೋ) ಹೆಡ್‌ಫೋನು, ಸಬ್‌ಬೇಸ್ (ತೀರಾ ಆಳದ ಬೇಸ್) ಅದ್ರ ಕೆಲ್ಸ ಅಲ್ಲ, 40 ಹರ್ಟ್ಜ್ ಕೆಳಗೆ ಬಲವಂತ ಮಾಡ್ಬೇಡಿ. ಲೋ ಶೆಲ್ಫ್ (ಒಂದು ಹಂತದ ಕೆಳಗಿನದ್ದನ್ನೆಲ್ಲಾ ಏರಿಸೋ ಫಿಲ್ಟರ್) 105 ಹರ್ಟ್ಜ್, ಕ್ಯೂ (ಏರಿಕೆ ಎಷ್ಟು ಕಡಿದು ಅನ್ನೋದು) 0.7 ಇಟ್ಟು ರಾತ್ರಿಗೊಂದು ಹಗಲಿಗೊಂದು ಪ್ರೀಸೆಟ್ ಸೇವ್ ಮಾಡಿ.

ಬಿಎಂಟಿಸಿ_ಕಿಟಕಿ_ಸೀಟು

ಸಬ್‌ಬೇಸೇ ಬೇಕು ಅಂದ್ರೆ ರಾತ್ರಿಗೆ ಒಂದು ಕಮ್ಮಿ ರೇಟಿನ ಇಯರ್‌ಫೋನ್ ಇಟ್ಕೊಳಿ, ಮಗು ಎದ್ದು ವೈರ್ ಎಳೆದ್ರೂ ಹೊಟ್ಟೆ ಉರಿಯಲ್ಲ. ಆ ಹಳೇ ಎಕ್ಸ್‌ಬಿ ಯಾರಿಗಾದ್ರೂ ಕೊಡೋದಿದ್ರೆ ಹೇಳಿ, ನನ್ ತಮ್ಮ ಪಿಯುಸಿ, ಅವನಿಗೆ ಗುಡ್ಡನೇ ಬೇಕಂತೆ.