ಆರ್‌ಓ ಯಂತ್ರ ಹೊರಬಿಡುವ ನೀರು, ವಾಷಿಂಗ್ ಮೆಷಿನ್ ನೀರು: ಕುಂಡದ ಗಿಡಗಳಿಗೆ ಹಾಕಬಹುದೇ?

ಪ್ರಶ್ನೆ (ಹೊರಮಾವು, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 30×40 ಸೈಟಿನಲ್ಲಿ ಕಟ್ಟಿಸಿದ ಮನೆ. ನಾವಿನ್ನೂ ಕಾವೇರಿ ಸಂಪರ್ಕ ಪಡೆದಿಲ್ಲವಾದ್ದರಿಂದ ಎಲ್ಲಕ್ಕೂ ಬೋರ್‌ವೆಲ್ ನೀರೇ ಆಧಾರ. ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿರುವ ಉಪ್ಪು, ಮಿಲಿಗ್ರಾಂ ಲೆಕ್ಕದಲ್ಲಿ) ಅಳೆಯುವ ಮೀಟರ್ ಅದ್ದಿದರೆ 900ರ ಆಸುಪಾಸು ತೋರಿಸುತ್ತದೆ. ಕುಡಿಯಲು ಅಡುಗೆಮನೆಯಲ್ಲಿ ಆರ್‌ಓ ಯಂತ್ರವಿದೆ. ಕುಡಿಯುವ ನೀರನ್ನು ಕೈತೋಟಕ್ಕೋ ವಾಹನ ತೊಳೆಯಲೋ ಬಳಸಿದರೆ 5000 ರೂಪಾಯಿ ದಂಡ ಎಂದು 2024ರ ಮಾರ್ಚ್‌ನಲ್ಲಿ ಜಲಮಂಡಳಿಯ ಆದೇಶ ಬಂದಾಗಿನಿಂದ, ಒಂದು ತೊಟ್ಟು ನೀರೂ ಚರಂಡಿ ಪಾಲಾಗಬಾರದೆಂಬ ಹಠ ನಮ್ಮ ಮನೆಯವರಿಗೆ ಹಿಡಿದಿದೆ. ಆರ್‌ಓ ಯಂತ್ರ ಹೊರಬಿಡುವ ನೀರಿನ ಸಣ್ಣ ಪೈಪನ್ನು ಒಂದು ಡ್ರಮ್ಮಿಗೆ ಇಳಿಬಿಟ್ಟು, ಎಂಟು ತಿಂಗಳಿಂದ ತಾರಸಿಯ ಕುಂಡಗಳಿಗೆಲ್ಲ ಅದನ್ನೇ ಹಾಕುತ್ತಿದ್ದೇವೆ.

ಈಗ ಕರಿಬೇವಿನ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿವೆ. ಗುಲಾಬಿಯ ಎಲೆಗಳ ಅಂಚು ಕಾವಲಿಯ ಮೇಲೆ ಸೀದ ರೊಟ್ಟಿಯಂತೆ ಕಂದಾಗಿದೆ. ಹುರುಳಿಕಾಯಿ ಬಳ್ಳಿ ಹೂ ಬಿಟ್ಟರೂ ಕಾಯಿ ಕಚ್ಚಲಿಲ್ಲ. ಕುಂಡಗಳ ಕಂಠದಲ್ಲಿ ಬಿಳಿಯ ಪೊರೆ ಕಟ್ಟಿದೆ, ಕೆರೆದರೆ ಸುಣ್ಣದಂತೆ ಉದುರುತ್ತದೆ. ಟೈಲ್ಸ್ ಕೊಳೆಯಾಗದಿರಲೆಂದು ಪ್ರತಿ ಕುಂಡದ ಕೆಳಗೂ ತಟ್ಟೆ ಇಟ್ಟಿದ್ದೇವೆ.

ಇನ್ನೊಂದು ತೊಂದರೆ ಹೊಸದು. ಮೊದಲ ಮಹಡಿಯ ಯುಟಿಲಿಟಿಯಲ್ಲಿರುವ ವಾಷಿಂಗ್ ಮೆಷಿನ್ನಿನ ಡ್ರೈನ್ ಪೈಪಿಗೆ ಉದ್ದನೆಯ ಪೈಪ್ ಜೋಡಿಸಿ, ಹಿತ್ತಲಿನ ಎರಡು ಬಾಳೆ ಗಿಡಗಳ ಬುಡಕ್ಕೆ ಇಳಿಸಿದೆವು. ಅಂದಿನಿಂದ ಮೆಷಿನ್ ನೀರು ತುಂಬಿಕೊಳ್ಳುವುದನ್ನು ನಿಲ್ಲಿಸುತ್ತಲೇ ಇಲ್ಲ. ಕೊನೆಗೆ, ಇಡೀ ಮನೆಗೆ ಸಾಫ್ಟನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಹಾಕಿಸಿದರೆ ಗೀಸರೂ ಉಳಿಯುತ್ತದೆ, ಗಿಡಗಳೂ ಚಿಗುರುತ್ತವೆ ಎಂದು ಮಾರಾಟಗಾರರೊಬ್ಬರು ಹೇಳಿ ಹೋಗಿದ್ದಾರೆ. ಅದು ನಿಜವೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಜಯನಗರ, ತಾರಸಿ ತೋಟ)

ಮೇಡಂ, ನಿಮ್ಮ ಗಿಡಗಳಿಗೆ ರೋಗ ಬಂದಿಲ್ಲ, ಅವಕ್ಕೆ ಉಪ್ಪು ಹೆಚ್ಚಾಗಿದೆ. ಆರ್‌ಓ ಯಂತ್ರ ನೀರಿನ ಉಪ್ಪನ್ನು ನಾಶಮಾಡುವುದಿಲ್ಲ, ಒಂದು ಕಡೆಯಿಂದ ಹಿಂಡಿ ಇನ್ನೊಂದು ಕಡೆಗೆ ತಳ್ಳುತ್ತದೆ, ಅಷ್ಟೇ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಕುಡಿಯುವ ನೀರಿಗೆ ನಿಮ್ಮ ಯಂತ್ರ ಎರಡೂವರೆ ಲೀಟರ್ ಹೊರಬಿಡುತ್ತದೆ ಎಂದುಕೊಂಡರೆ, ಒಳಗೆ ಹೋದದ್ದು ಮೂರೂವರೆ ಲೀಟರ್. ಲೀಟರಿಗೆ 900 ಮಿಲಿಗ್ರಾಂನಂತೆ ಅದರಲ್ಲಿರುವ ಉಪ್ಪು 3150 ಮಿಲಿಗ್ರಾಂ. ಕುಡಿಯುವ ಲೀಟರಿನಲ್ಲಿ 80 ಉಳಿದರೆ, ಮಿಕ್ಕ 3070 ಮಿಲಿಗ್ರಾಂ ಆ ಎರಡೂವರೆ ಲೀಟರಿನಲ್ಲೇ ಇರಬೇಕು. ಅಂದರೆ ಡ್ರಮ್ಮಿನ ನೀರಿನ ಟಿಡಿಎಸ್ ಸುಮಾರು 1230. ಮೀಟರ್ ಅದ್ದಿದರೆ ನಿಮಗೇ ಗೊತ್ತಾಗುತ್ತದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪ್ರಕಟಿಸಿದ ನೀರಾವರಿ ಮಾರ್ಗದರ್ಶಿಯ ಪ್ರಕಾರ 450ರ ಒಳಗಿನ ನೀರಿಗೆ ನಿರ್ಬಂಧವಿಲ್ಲ, 450ರಿಂದ 2000ದವರೆಗಿನದನ್ನು ಎಚ್ಚರದಿಂದ ಬಳಸಬೇಕು, ಅದಕ್ಕೂ ಮೇಲಿನದು ಬೇಸಾಯಕ್ಕೆ ಕಷ್ಟ. ಹಾಗಾದರೆ 1230 ಅಷ್ಟೇನೂ ಕೆಟ್ಟದಲ್ಲವಲ್ಲ ಎಂದು ನೀವು ಕೇಳಬಹುದು. ಹೊಲಕ್ಕೆ ಆ ಮಾತು ಸಲ್ಲುತ್ತದೆ, ಕುಂಡಕ್ಕೆ ಸಲ್ಲದು. ಗಿಡ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಹೀರುತ್ತದೆ, ಉಪ್ಪು ಮಾತ್ರ ಅಲ್ಲೇ ಕೂರುತ್ತದೆ. ಅದಕ್ಕೆ ಹೊರಹೋಗಲು ಇರುವುದು ತಳದ ತೂತೊಂದೇ. ಆ ದಾರಿಗೂ ನೀವು ತಟ್ಟೆ ಅಡ್ಡ ಇಟ್ಟಿದ್ದೀರಿ! ಬಸಿದ ಉಪ್ಪುನೀರನ್ನು ಮಣ್ಣು ತಟ್ಟೆಯಿಂದ ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಡ್ರಮ್ಮಿಗಿಂತ ಆ ತಟ್ಟೆಗಳ ತಪ್ಪೇ ಹೆಚ್ಚು.

ಮೊದಲು ತಟ್ಟೆಗಳನ್ನು ತೆಗೆದು, ಕುಂಡಗಳನ್ನು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿ, ತಳದ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಬಿಳಿ ಪೊರೆಯಿರುವ ಮೇಲಿನ ಒಂದಂಗುಲ ಮಣ್ಣನ್ನು ಕೆರೆದು ಹಾಕಿ. ಆಮೇಲೆ ಕುಂಡದಲ್ಲಿ ಎಷ್ಟು ಮಣ್ಣು ಹಿಡಿಯುತ್ತದೆಯೋ ಅದರ ಎರಡು ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ, ಬಿಟ್ಟು ಬಿಟ್ಟು ಸುರಿದು ಬಸಿಯಲು ಬಿಡಿ. ತಳದಿಂದ ಬಂದ ನೀರಿಗೆ ಮೀಟರ್ ಅದ್ದುತ್ತಾ ಹೋದರೆ ಅಂಕೆ ಇಳಿಯುವುದು ಕಾಣುತ್ತದೆ. ಇದಕ್ಕೆ ಮಳೆನೀರಿಗಿಂತ ಉತ್ತಮವಾದದ್ದಿಲ್ಲ. 600 ಚದರ ಅಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆಯಾದರೆ ಸುಮಾರು 1100 ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಎರಡು ಡ್ರಮ್ ಹಿಡಿದರೂ ಸಾಕು.

ಸೀದ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರನ್ನು ನೋಡಿ ತೀರ್ಮಾನಿಸಿ. ಕರಿಬೇವಿನದು ಕಬ್ಬಿಣದ ಕೊರತೆಯ ಲಕ್ಷಣ. ಗಡಸು ನೀರು ಮಣ್ಣನ್ನು ಕ್ಷಾರವಾಗಿಸಿದಾಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ನಮ್ಮ ಅಜ್ಜಿ ಕರಿಬೇವಿಗೆ ಹುಳಿ ಮಜ್ಜಿಗೆ ಹೊಯ್ಯುತ್ತಿದ್ದುದು ಮೂಢನಂಬಿಕೆಯಲ್ಲ, ಆ ಹುಳಿ ಕ್ಷಾರವನ್ನು ತುಸು ತಗ್ಗಿಸುತ್ತದೆ. ಆದರೆ ಊಟದಲ್ಲಿ ಉಳಿದ, ಉಪ್ಪು ಬೆರೆತ ಮಜ್ಜಿಗೆಯನ್ನು ತಂದು ಸುರಿಯಬೇಡಿ.

ಉತ್ತರ 2 (ಮೈಸೂರು, ಗೃಹೋಪಕರಣಗಳ ರಿಪೇರಿ)

ಗಿಡಗಳ ವಿಷಯ ನನಗೆ ಅಷ್ಟಾಗಿ ತಿಳಿಯದು, ಮೆಷಿನ್ನಿನ ವಿಷಯ ಹೇಳಬಲ್ಲೆ. ನಿಮ್ಮ ಮೆಷಿನ್ ಕೆಟ್ಟಿಲ್ಲ. ಮೆಕ್ಯಾನಿಕ್ ಬಂದು ವಾಲ್ವ್ ಬದಲಿಸಬೇಕೆಂದರೆ ಒಪ್ಪಬೇಡಿ. ಡ್ರೈನ್ ಪೈಪಿನ ತುದಿ ತೊಟ್ಟಿಯ ಮಟ್ಟಕ್ಕಿಂತ ಕೆಳಗೆ ಇಳಿದರೆ ಪಂಪ್ ಚಾಲೂ ಆಗದಿದ್ದರೂ ನೀರು ತಾನಾಗಿಯೇ ಸೆಳೆದುಕೊಂಡು ಹೊರಗೆ ಹರಿಯುತ್ತದೆ. ಡ್ರಮ್ಮಿಗೆ ರಬ್ಬರ್ ಪೈಪ್ ಇಳಿಬಿಟ್ಟು ಬಾಯಲ್ಲಿ ಎಳೆದು ಸೀಮೆಎಣ್ಣೆ ತೆಗೆಯುತ್ತಿದ್ದರಲ್ಲ, ಅದೇ ಕ್ರಮ. ಮೆಷಿನ್ ಒಂದು ಕಡೆ ತುಂಬುತ್ತದೆ, ನೀರು ಇನ್ನೊಂದು ಕಡೆ ಬಾಳೆಯ ಬುಡ ಸೇರುತ್ತದೆ, ತೊಟ್ಟಿ ತುಂಬಿತೆಂದು ಒಳಗಿನ ಸ್ವಿಚ್ಚಿಗೆ ತಿಳಿಯುವುದೇ ಇಲ್ಲ.

ಡ್ರೈನ್ ಪೈಪಿನ ಬಾಗು ಮೆಷಿನ್ ನಿಂತಿರುವ ನೆಲದಿಂದ ಎರಡು ಅಡಿಗಿಂತ ಕೆಳಗೆ ಇರಬಾರದು, ಮೂರೂಕಾಲು ಅಡಿಗಿಂತ ಮೇಲೆ ಹೋಗಬಾರದು. ಆ ಎತ್ತರದಲ್ಲಿ ಗೋಡೆಗೆ ಒಂದೂವರೆ ಅಂಗುಲದ ಪಿವಿಸಿ ಪೈಪನ್ನು ನೇರವಾಗಿ ನಿಲ್ಲಿಸಿ, ಅದರ ಬಾಯಿಗೆ ಡ್ರೈನ್ ಪೈಪಿನ ಬಾಗಿದ ತುದಿಯನ್ನು ಸಡಿಲವಾಗಿ ಸಿಕ್ಕಿಸಿ. ಸುತ್ತ ಗಾಳಿಯಾಡಲು ಜಾಗ ಇರಲೇಬೇಕು. ಟೇಪ್ ಸುತ್ತಿ ಬಿಗಿ ಮಾಡಿದರೆ ಮತ್ತೆ ಅದೇ ಕಥೆ. ಪಿವಿಸಿ ಪೈಪ್ ಅಲ್ಲಿಂದ ಹಿತ್ತಲಿಗೆ ಇಳಿದರೆ ತೊಂದರೆಯಿಲ್ಲ. ಪಂಪಿಲ್ಲದೆ ತಳದಿಂದ ನೀರು ಬಿಡುವ ಟಾಪ್ ಲೋಡ್ ಮೆಷಿನ್ನುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವುಗಳ ಪೈಪ್ ನೆಲದ ಮೇಲೇ ಇರಬೇಕು.

ಗಡಸು ನೀರಿನಿಂದ ಕಟ್ಟಿದ ಸುಣ್ಣದ ಪೊರೆ ತೆಗೆಯಲು ಮೆಷಿನ್ನಿಗೆ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಖಾಲಿ ಓಡಿಸುವ ದಿನ ಪೈಪನ್ನು ಚರಂಡಿಗೇ ತಿರುಗಿಸಿ.

ಉತ್ತರ 3 (ತಿಪಟೂರು)

ಮೊದಲ ಉತ್ತರ ಬರೆದವರ ಮಾತು ಸರಿಯಾಗಿದೆ. ಆದರೆ ಅದನ್ನು ಓದಿದವರು ಆರ್‌ಓ ಹೊರಬಿಡುವ ನೀರೆಂದರೆ ವಿಷವೆಂದು ಚೆಲ್ಲಿಬಿಡುವ ಅಪಾಯವೂ ಇದೆ. ನಮ್ಮ ಕಡೆ ತೆಂಗಿಗೆ ಇದಕ್ಕಿಂತ ಉಪ್ಪಾದ ಬೋರ್ ನೀರು ಹರಿಸಿಯೂ ಫಸಲು ತೆಗೆದಿದ್ದೇವೆ. ಎಲ್ಲ ಗಿಡಗಳ ನಾಲಿಗೆಯೂ ಒಂದೇ ಅಲ್ಲ. ತೆಂಗು, ಸಪೋಟ, ಕಣಗಿಲೆ, ಕಾಗದದ ಹೂವಿನ ಬಳ್ಳಿ ಉಪ್ಪನ್ನು ತಕ್ಕಮಟ್ಟಿಗೆ ತಾಳುತ್ತವೆ. ಹುರುಳಿಕಾಯಿ, ಗುಲಾಬಿ, ನಿಂಬೆ, ಮಾವು ತಾಳುವುದಿಲ್ಲ. ತಾಳುವ ಗಿಡ ನೆಲದಲ್ಲಿದ್ದರೆ, ಮಳೆಗಾಲದಲ್ಲಿ ಉಪ್ಪು ಬೇರಿನಿಂದ ಕೆಳಕ್ಕೆ ಇಳಿದುಹೋಗುವಂತಿದ್ದರೆ, ಈ ನೀರನ್ನು ಹಾಕಬಹುದು. ಮಿಕ್ಕಿದ್ದು ನೆಲ ಒರೆಸಲು, ಪಾಯಿಖಾನೆಗೆ ಸುರಿಯಲು ಆಗುತ್ತದೆ.

ಬಟ್ಟೆ ಒಗೆದ ನೀರಿನ ಬಗ್ಗೆಯೂ ಒಂದು ಮಾತು. ಹಳೆಯ ಮನೆಗಳಲ್ಲಿ ಬಚ್ಚಲಿನ ಹಿಂದೆ ಬಾಳೆ, ಕೆಸು, ಕಾಬಾಳೆ ಇಲ್ಲದ ಹಿತ್ತಲನ್ನು ನಾನು ಕಂಡಿಲ್ಲ. ಆದರೆ ಆಗ ಬಚ್ಚಲಿಗೆ ಬೀಳುತ್ತಿದ್ದುದು ಸೀಗೆ, ಕಡಲೆಹಿಟ್ಟು, ಬೂದಿಯ ನೀರು. ಈಗಿನ ಒಗೆಯುವ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅದರ ಸೋಡಿಯಂ ಮಣ್ಣಿನ ಹರಳನ್ನು ಒಡೆದು ಮೇಲ್ಮೈಯನ್ನು ಹಪ್ಪಳದಂತೆ ಗಟ್ಟಿ ಮಾಡುತ್ತದೆ. ಮೊದಲ ಸುತ್ತಿನ ನೊರೆ ನೀರನ್ನು ಚರಂಡಿಗೆ ಬಿಟ್ಟು, ಕೊನೆಯ ಸಲ ಜಾಲಾಡಿದ ನೀರನ್ನಷ್ಟೇ ಬಾಳೆಗೆ ತಿರುಗಿಸುವುದು ಒಳ್ಳೆಯದು. ಅದನ್ನು ಡ್ರಮ್ಮಿನಲ್ಲಿ ಕೂಡಿಡಬೇಡಿ, ಮರುದಿನಕ್ಕೇ ನಾರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗಂತೂ ಬೇಡ.

ಉತ್ತರ 1 ಬರೆದವರಿಂದ ಮತ್ತೆ

ತಿಪಟೂರಿನವರ ತಿದ್ದುಪಡಿಯನ್ನು ಒಪ್ಪುತ್ತೇನೆ. ನಾನು ಕುಂಡಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ಸಾಫ್ಟನರ್ ವಿಚಾರ ಬಿಟ್ಟುಹೋಗಿತ್ತು. ಅದು ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನು ಹಿಡಿದಿಟ್ಟುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಆಗಾಗ ಅದಕ್ಕೆ ಉಪ್ಪು ಸುರಿಯಬೇಕಾಗುವುದು ಇದಕ್ಕಾಗಿಯೇ. ಹೀಗಾಗಿ ಗೀಸರಿನ ಕಾಯಿಲಿಗೆ, ಮೆಷಿನ್ನಿಗೆ, ನಲ್ಲಿಗಳಿಗೆ ಖಂಡಿತ ಅನುಕೂಲ. ಟಿಡಿಎಸ್ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಗಿಡಕ್ಕೆ ಮೊದಲಿಗಿಂತ ಕೆಟ್ಟ ನೀರು ಸಿಗುತ್ತದೆ. ಹಾಕಿಸುವುದಾದರೆ ಹಾಕಿಸಿ, ಆದರೆ ತೋಟದ ಕೊಳಾಯಿಯನ್ನು ಸಾಫ್ಟನರಿಗೆ ಮೊದಲೇ ಕವಲೊಡೆದು ಬೇರೆ ಮಾಡಿಸಿ. ಪ್ಲಂಬರಿಗೆ ಇದನ್ನು ಮುಂಚೆಯೇ ಹೇಳದಿದ್ದರೆ ಆಮೇಲೆ ಗೋಡೆ ಒಡೆಯಬೇಕಾಗುತ್ತದೆ, ನಮ್ಮ ಮನೆಯಲ್ಲಿ ಆದದ್ದು ಅದೇ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಡ್ರಮ್ಮಿನ ನೀರಿನ ಟಿಡಿಎಸ್ 1260 ಇತ್ತು. ಲೆಕ್ಕ ಅಷ್ಟು ಹತ್ತಿರ ಬಂದದ್ದನ್ನು ಕಂಡು ಮಗ ಮನೆಯ ಎಲ್ಲ ನಲ್ಲಿಗಳಿಗೂ ಮೀಟರ್ ಅದ್ದಿ ಬಂದ. ಎರಡು ಒಳ್ಳೆಯ ಮಳೆಗಳ ನೀರು ಹಿಡಿದು ಕುಂಡಗಳನ್ನು ತೊಳೆದೆವು. ಕರಿಬೇವಿನ ಕುಂಡದಿಂದ ಮೊದಲು ಬಸಿದ ನೀರು ಚಹಾ ಬಣ್ಣದ್ದು, ಮೀಟರ್ 3800 ತೋರಿಸಿತು. ನಾಲ್ಕನೆಯ ಬಕೀಟಿನ ಹೊತ್ತಿಗೆ 700ಕ್ಕೆ ಇಳಿಯಿತು. ಈಗ ಅದರಲ್ಲಿ ಮೂರು ಕಡ್ಡಿ ಚಿಗುರಿವೆ, ಎಲೆ ಇನ್ನೂ ತಿಳಿಹಸಿರು. ಗುಲಾಬಿಗಳಲ್ಲಿ ಎರಡು ಚೇತರಿಸಿಕೊಂಡವು, ಒಂದು ಹಾಗೇ ನಿಂತಿದೆ, ಒಂದು ಸತ್ತಿತು. ಪೈಪಿಗೆ ಬಾಗು ಕೊಟ್ಟ ದಿನವೇ ಮೆಷಿನ್ ಸರಿಹೋಯಿತು. ಡ್ರಮ್ ಈಗ ಪಾಯಿಖಾನೆಯ ಪಕ್ಕದಲ್ಲಿದೆ. ಸಾಫ್ಟನರ್ ನಿರ್ಧಾರವನ್ನು ಸದ್ಯಕ್ಕೆ ಮುಂದೂಡಿದ್ದೇವೆ.

ಸತ್ತ ಗುಲಾಬಿಯ ಕುಂಡದ ಮಣ್ಣನ್ನು ಇನ್ನೊಂದು ಗಿಡಕ್ಕೆ ಬಳಸಬಹುದೇ, ಎಸೆಯಬೇಕೇ?

ಉತ್ತರ 3 ಬರೆದವರಿಂದ

ಎಸೆಯಬೇಡಿ. ಹಿತ್ತಲಿನ ಬಾಳೆಯ ಪಕ್ಕದಲ್ಲಿ ತೆಳ್ಳಗೆ ಹರಡಿ, ಈ ಮಳೆಗಾಲ ಪೂರ್ತಿ ನೆನೆಯಲಿ. ದೀಪಾವಳಿ ಕಳೆದ ಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿ ಮತ್ತೆ ಕುಂಡಕ್ಕೆ ತುಂಬಿಕೊಳ್ಳಬಹುದು.