ಸೋಫಾ ಲೆದರ್ ಸಿಪ್ಪೆ ಏಳುತ್ತಿದೆ, ಪದ್ಮಿನಿ ಕಾರಿನ ಸೀಟಿಗೂ ಲೆದರ್ ಹಾಕಿಸಬೇಕು: ಯಾವುದು ತಗೊಳ್ಳಲಿ?

ಪದ್ಮಿನಿ_ಉಡುಪಿ

ಎಲ್ಲರಿಗೂ ನಮಸ್ಕಾರ. ಎರಡು ಕೆಲಸ ಒಟ್ಟಿಗೇ ಬಂದು ನಿಂತಿದೆ, ಸ್ವಲ್ಪ ದಾರಿ ತೋರಿಸಿ.

ಒಂದು, ಮನೆಯ ಮೂರು ಸೀಟಿನ ಸೋಫಾ. ಕಂದು ಬಣ್ಣ. ಕೊರೋನಾ ಗಲಾಟೆ ಮುಗಿದ ಮೇಲೆ ಕೊಂಡದ್ದು. ಬಿಲ್ಲಿನಲ್ಲಿ ‘ಜೆನ್ಯೂನ್ ಲೆದರ್’ ಅಂತಲೇ ಉಂಟು. ಕಳೆದ ಮಳೆಗಾಲದಿಂದ ತಲೆ ಒರಗಿಸುವ ಜಾಗ ಮತ್ತು ಕೈ ಇಡುವ ಜಾಗದಲ್ಲಿ ಹಪ್ಪಳದ ಚೂರಿನ ಹಾಗೆ ಏಳುತ್ತಿದೆ. ಕೂತು ಎದ್ದವರ ಅಂಗಿಗೆಲ್ಲ ಕಂದು ಪುಡಿ. ಎದ್ದ ಕಡೆ ಕೆಳಗೆ ಬೂದು ಬಣ್ಣದ ಬಟ್ಟೆ ಕಾಣುತ್ತದೆ. ಗೋಡೆಗೆ ತಾಗಿದ ಹಿಂಭಾಗ ಮಾತ್ರ ಹೊಸದರ ಹಾಗೇ ಉಂಟು.

ಇನ್ನೊಂದು, ಅಪ್ಪನ ಪ್ರೀಮಿಯರ್ ಪದ್ಮಿನಿ. ಇಂಜಿನ್ ಕೆಲಸ, ತುಕ್ಕಿನ ಕೆಲಸ ಎಲ್ಲ ಮುಗಿಯಿತು. ಸೀಟು ಮಾತ್ರ ಹರಿದು ಸ್ಪಂಜು ಹೊರಗೆ ಬಂದಿದೆ. ಕುಶನ್ ವರ್ಕ್ಸ್‌ನವರು ಎಂಟು ಮೀಟರ್ ರೆಕ್ಸಿನ್ ಬೇಕು ಅಂದರು. ಲೆದರ್ ತಂದುಕೊಟ್ಟರೆ ಅದನ್ನೇ ಹಾಕುತ್ತಾರಂತೆ.

ಸೋಫಾಕ್ಕೆ ಬಣ್ಣ ಬಳಿದು ಉಳಿಸಬಹುದಾ? ಇಲ್ಲವಾದರೆ ಎರಡಕ್ಕೂ ಒಂದೇ ಲೆದರ್ ತಂದರೆ ಆಗುತ್ತದಾ? ಮನೆ ಕಡಲಿಗೆ ಹತ್ತಿರ, ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ ಮಾರಾಯ್ರೆ.

ಸೂಜಿದಾರ

ಸರ್, ಕೆಳಗೆ ಬಟ್ಟೆ ಕಂಡಿತು ಅಂದಿರಲ್ಲ, ಅಲ್ಲಿಗೇ ಉತ್ತರ ಸಿಕ್ಕಿತು. ನಿಜವಾದ ಚರ್ಮದ ಕೆಳಗೆ ಬಟ್ಟೆ ಇರುವುದಿಲ್ಲ, ನಾರು ಇರುತ್ತದೆ. ನಿಮ್ಮದು ಬಾಂಡೆಡ್ ಲೆದರ್, ಇಲ್ಲವೇ ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ರೆಕ್ಸಿನ್. ಬಾಂಡೆಡ್ ಅಂದರೆ ಚರ್ಮದ ಪುಡಿ, ಚೂರುಗಳನ್ನು ಅಂಟಿನಲ್ಲಿ ಕಲಸಿ ಬಟ್ಟೆಯ ಮೇಲೆ ಹಾಳೆ ಮಾಡಿ, ಮೇಲೆ ಪಾಲಿಯುರೆಥೇನ್ ಪದರ ಕೊಟ್ಟಿರುತ್ತಾರೆ. ಚರ್ಮದ ಅಂಶ ಇದೆ ಎಂಬ ನೆಪದಲ್ಲಿ ಅದಕ್ಕೂ ‘ಜೆನ್ಯೂನ್’ ಚೀಟಿ ಅಂಟಿಸಿ ಮಾರುವವರಿದ್ದಾರೆ.

ಪಾಲಿಯುರೆಥೇನ್‌ಗೆ ತೇವ ಆಗುವುದಿಲ್ಲ. ಅಗ್ಗದ ಪಿಯು ಗಾಳಿಯ ತೇವಕ್ಕೇ ಒಳಗಿನಿಂದ ಮುರಿಯುತ್ತಾ ಹೋಗುತ್ತದೆ. ವರ್ಷಕ್ಕೆ 4000 ಮಿ.ಮೀ. ಸುತ್ತಮುತ್ತ ಮಳೆ ಬೀಳುವ ಊರು ನಿಮ್ಮದು. ಅದರ ಮೇಲೆ ಬೆವರು, ತಲೆಯ ಎಣ್ಣೆ. ಅದಕ್ಕೇ ಮೊದಲು ತಲೆ ತಾಗುವಲ್ಲಿ, ಕೈ ತಾಗುವಲ್ಲಿ ಎದ್ದಿದೆ. ಹಿಂಭಾಗವನ್ನು ಯಾರೂ ಮುಟ್ಟುವುದಿಲ್ಲ, ಅದು ಹಾಗೇ ಇದೆ. ಇವತ್ತು ಚೆನ್ನಾಗಿ ಕಾಣುತ್ತದೆ ಅಷ್ಟೇ, ಅದೂ ಏಳುತ್ತದೆ.

ಬಣ್ಣ ಬಳಿಯಬೇಡಿ. ಲೆದರ್ ಪೇಂಟು, ರಿಪೇರಿ ಪೇಸ್ಟು ಯಾವುದೂ ನಿಲ್ಲುವುದಿಲ್ಲ. ಹಿಡಿದುಕೊಳ್ಳಲು ಕೆಳಗಿನ ಪದರವೇ ಸತ್ತಿದೆಯಲ್ಲ. ಸೋಫಾ ಒಳಗಿನ ಮರ ಗಟ್ಟಿಯಿದ್ದರೆ ಪೂರ್ತಿ ಬಿಚ್ಚಿ ಹೊಸ ಹೊದಿಕೆ ಹಾಕಿಸಿ. ಬಿಚ್ಚಿದಾಗ ಸ್ಪಂಜನ್ನೂ ಒತ್ತಿ ನೋಡಿ. ತಗ್ಗು ಬಿದ್ದಿದ್ದರೆ ಕೂರುವ ಭಾಗಕ್ಕೆ 40 ಡೆನ್ಸಿಟಿಯ (ಘನ ಮೀಟರಿಗೆ 40 ಕೆ.ಜಿ. ತೂಗುವ) ಹೊಸ ಸ್ಪಂಜು ಹಾಕಿಸಿಬಿಡಿ. ಮೆತ್ತಗಾದ ಹಳೇ ಸ್ಪಂಜಿನ ಮೇಲೆ ಒಳ್ಳೇ ಲೆದರ್ ಹಾಕಿದರೆ ಕೆಲವೇ ತಿಂಗಳಲ್ಲಿ ಸುಕ್ಕು ಬಿದ್ದು ಜೋತಾಡುತ್ತದೆ.

ರಾಣಿಪೇಟೆ_ಹದ

ಸೂಜಿದಾರ ಅಣ್ಣ ಹೇಳಿದ್ದು ಸರಿ. ನಾನು ಚರ್ಮ ಹದ ಮಾಡುವ ಕಡೆ ಕೆಲಸ ಮಾಡುವವನು, ಆಯ್ಕೆಯ ಬಗ್ಗೆ ಹೇಳುತ್ತೇನೆ.

ಮೊದಲು ಒಂದು ಎಚ್ಚರಿಕೆ. ‘ಹಿಂದೆ ತಿರುಗಿಸಿ ನೋಡಿ, ನಾರು ಕಂಡರೆ ಅಸಲಿ’ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಸಾಲದು. ದಪ್ಪ ಚರ್ಮವನ್ನು ಸೀಳಿದಾಗ ಮೇಲಿನ ಪದರ ಒಂದು ಕಡೆ, ಕೆಳಗಿನ ಪದರ ಇನ್ನೊಂದು ಕಡೆ ಆಗುತ್ತದೆ. ಶಕ್ತಿ ಇರುವುದು ಮೇಲಿನದರಲ್ಲಿ, ಅಲ್ಲಿ ನಾರು ಒತ್ತೊತ್ತಾಗಿ ಹೆಣೆದುಕೊಂಡಿರುತ್ತದೆ. ಕೆಳಗಿನದನ್ನು ಸ್ಪ್ಲಿಟ್ ಅನ್ನುತ್ತಾರೆ. ಅದರ ಮೇಲೆ ದಪ್ಪ ಪಿಯು ಹಾಳೆ ಅಂಟಿಸಿ, ಚರ್ಮದ ಗೆರೆಗಳ ಅಚ್ಚು ಒತ್ತಿದರೆ ನೋಡುವವರಿಗೆ ಪಕ್ಕಾ ಲೆದರ್. ಹಿಂದೆ ನಾರೂ ಇದೆ! ಆದರೆ ಏಳುವುದು ಅದೇ ರೀತಿ. ಯುರೋಪಿನ ಇಎನ್ 15987 ಮಾನದಂಡದಲ್ಲಿ ಮೇಲಿನ ಲೇಪ 0.15 ಮಿ.ಮೀ. ದಾಟಿದರೆ ಅದನ್ನು ಬರೀ ಲೆದರ್ ಎಂದು ಕರೆಯುವಂತಿಲ್ಲ.

ಹಾಗಾಗಿ ಕತ್ತರಿಸಿದ ಅಂಚು ನೋಡಿ. ಹೊಸ ಬ್ಲೇಡಿನಲ್ಲಿ ಒಂದು ಮೂಲೆ ಕೊಯ್ದು ಬೆಳಕಿಗೆ ಹಿಡಿಯಿರಿ, ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಒಳ್ಳೆಯ ಚರ್ಮದಲ್ಲಿ ಬಣ್ಣದ ಪದರ ಕೂದಲೆಳೆಯಷ್ಟು ತೆಳುವಾಗಿ ಕಾಣುತ್ತದೆ, ಕೆಳಗಿನ ನಾರು ಮೇಲೆ ಹೋದಂತೆ ಬಿಗಿಯಾಗುತ್ತದೆ. ಸ್ಪ್ಲಿಟ್ ಆದರೆ ಮೇಲೆ ಪ್ಲಾಸ್ಟಿಕ್ಕಿನ ಗೆರೆ ಬೇರೆಯಾಗಿ ಎದ್ದು ಕಾಣುತ್ತದೆ. ಉಗುರಿನಲ್ಲಿ ಎಬ್ಬಿಸಿದರೆ ಸಿಪ್ಪೆಯಾಗಿ ಬಂದರೂ ಬರಬಹುದು.

ಇನ್ನು ಹದ. ಇಲ್ಲಿ ತುಂಬಾ ಜನ ಎಡವುತ್ತಾರೆ. ಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು ಒಂದು ಬಗೆ. ನಮ್ಮ ಬಯಲುಸೀಮೆಯ ತಂಗಡಿ ಗಿಡದ ತೊಗಟೆ ಹಳೇ ಕಾಲದಿಂದ ಇದಕ್ಕೇ ಬಳಕೆ. ಬೆಲ್ಟು, ಬ್ಯಾಗು, ಕುದುರೆ ಜೀನಿಗೆ ಅದರಷ್ಟು ಚೆಂದದ್ದು ಬೇರೆ ಇಲ್ಲ, ನನಗಂತೂ ಅದರ ವಾಸನೆಯೇ ಇಷ್ಟ. ಆದರೆ ಕಾರಿನ ಸೀಟಿಗೆ ಬೇಡ. ನೀರು ಬಿದ್ದರೆ ಕಲೆ, ಬಿಸಿಲಿಗೆ ಕಪ್ಪಾಗುತ್ತದೆ, ಕಾವಿಗೆ ಕುಗ್ಗುತ್ತದೆ. ಒದ್ದೆಯಿದ್ದಾಗ ತೊಗಟೆ ಹದದ ಚರ್ಮ 70ರಿಂದ 85 ಡಿಗ್ರಿ ಸೆಲ್ಸಿಯಸ್‌ಗೇ ಮುದುಡಲು ಶುರು ಮಾಡುತ್ತದೆ. ಇನ್ನೊಂದು ಬಗೆ ಕ್ರೋಮ್ ಹದ, ಕ್ರೋಮಿಯಂ ಲವಣದಿಂದ ಮಾಡಿದ್ದು, ಅದು 100 ಡಿಗ್ರಿ ಆಸುಪಾಸು ತಡೆಯುತ್ತದೆ. ನಿಮ್ಮ ಊರಿನ ತೇವದಲ್ಲಿ ಬೂಷ್ಟು ಹಿಡಿಯುವುದೂ ತೊಗಟೆ ಹದದ್ದಕ್ಕೇ ಜಾಸ್ತಿ.

ಹಾಗಾಗಿ ಸೋಫಾಕ್ಕೂ ಕಾರಿಗೂ ಕ್ರೋಮ್ ಹದದ ಹಸು ಅಥವಾ ಎಮ್ಮೆ ಚರ್ಮ, ಮೇಲಿನ ಪದರದ್ದು, ಬಣ್ಣದ ಲೇಪ ಇರುವುದು. ಅಂಗಡಿಯಲ್ಲಿ ‘ಪಿಗ್ಮೆಂಟೆಡ್’ ಅಂತ ಕೇಳಿ. ಅನಿಲೀನ್ ಅಂತ ಇನ್ನೊಂದು ತೋರಿಸುತ್ತಾರೆ. ಬರೀ ಡೈ ಹಾಕಿದ್ದು, ಲೇಪ ಇಲ್ಲ. ಬೆಣ್ಣೆಯಂತೆ ಮೆತ್ತಗೆ, ದುಬಾರಿ. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಒಂದು ಹನಿ ಕಾಫಿ ಬಿದ್ದರೂ ಕುಡಿದುಬಿಡುತ್ತದೆ, ತಲೆಯ ಎಣ್ಣೆಗೆ ಕಪ್ಪು ಕಲೆ ಶಾಶ್ವತ. ದಿನಾ ಬಳಸುವ ಮನೆಗೆ, ಬಿಸಿಲಲ್ಲಿ ನಿಲ್ಲುವ ಗಾಡಿಗೆ ಜಾಸ್ತಿ ದುಡ್ಡು ಕೊಟ್ಟು ಅದನ್ನು ತರುವುದು ಬೇಡ ಅಂತಲೇ ನಾನು ಹೇಳುವುದು.

ಒಂದೇ ಲೆದರ್ ಎರಡಕ್ಕೂ ಆಗುತ್ತದಾ ಅಂದರೆ: ಕಾರಿಗೆಂದು ಮಾಡಿದ್ದನ್ನು ಸೋಫಾಕ್ಕೆ ಹಾಕಬಹುದು, ಸ್ವಲ್ಪ ಬಿರುಸು ಅನ್ನಿಸುತ್ತದೆ ಅಷ್ಟೇ. ಸೋಫಾದ್ದನ್ನು ಕಾರಿಗೆ ಹಾಕಬಾರದು. ಕಾರಿನದಕ್ಕೆ ಬಿಸಿಲಿಗೆ ಮಾಸದ ಬಣ್ಣ ಬೇಕು. ಚರ್ಮ ಮೆತ್ತಗಿರಲಿ ಅಂತ ಹದದಲ್ಲಿ ಒಳಗೆ ಕುಡಿಸುವ ಕೊಬ್ಬೆಣ್ಣೆಯೂ ಕಾವಿಗೆ ಆವಿಯಾಗದಂಥದ್ದು ಇರಬೇಕು. ಇಲ್ಲದಿದ್ದರೆ ಮುಂದಿನ ಗಾಜಿನ ಒಳಮೈಗೆ ಜಿಡ್ಡು ಮಂಜಿನಂತೆ ಕೂರುತ್ತದೆ, ರಾತ್ರಿ ಎದುರಿನ ಲೈಟಿಗೆ ರಸ್ತೆ ಕಾಣುವುದಿಲ್ಲ. ಬೆಂಕಿ ಹರಡದಿರಬೇಕು ಎಂಬುದೂ ಇದೆ, ಅದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಭಾರತೀಯ ಮಾನದಂಡ ಇದೆ.

ದಪ್ಪ ಕಾರಿಗೆ 1.0ರಿಂದ 1.3 ಮಿ.ಮೀ., ಸೋಫಾಕ್ಕೆ 0.9ರಿಂದ 1.2 ಮಿ.ಮೀ. ಬ್ಯಾಗಿನ ದಪ್ಪ ಚರ್ಮ ತಂದರೆ ಪೈಪಿಂಗ್ (ಸೀಟಿನ ಅಂಚಿನ ಉಬ್ಬು ಪಟ್ಟಿ) ಹತ್ತಿರ ಮಡಚುವುದೇ ಇಲ್ಲ.

ಪದ್ಮಿನಿ_ಉಡುಪಿ

ತುಂಬಾ ಉಪಕಾರ ಆಯಿತು. ನಮ್ಮಮ್ಮ ಸೋಫಾಕ್ಕೆ ತಿಂಗಳಿಗೊಮ್ಮೆ ತೆಂಗಿನೆಣ್ಣೆ ಒರೆಸುತ್ತಿದ್ದರು, ‘ಚರ್ಮ ಒಣಗಬಾರದು’ ಅಂತ. ಹೊಸ ಲೆದರಿಗೂ ಒರೆಸಬಹುದಾ? ಮತ್ತೆ, ಎಂಟು ಮೀಟರ್ ರೆಕ್ಸಿನ್ ಅಂದರೆ ಲೆದರ್ ಎಷ್ಟು ತರಬೇಕು?

ಸೂಜಿದಾರ

ಅಮ್ಮನವರಿಗೆ ಹೇಳಿ, ಎಣ್ಣೆ ಬೇಡವೇ ಬೇಡ. ಲೇಪ ಇರುವ ಲೆದರಿಗೆ ಅದು ಒಳಗೆ ಇಳಿಯುವುದಿಲ್ಲ. ಮೇಲೆ ಅಂಟಂಟಾಗಿ ಕೂತು ಧೂಳು ಹಿಡಿಯುತ್ತದೆ, ಹೊಲಿಗೆಯ ತೂತಿನಿಂದ ಒಳಗೆ ಹೋಗಿ ಬೂಷ್ಟಿಗೆ ಊಟವಾಗುತ್ತದೆ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಆಮೇಲೆ ಒಣ ಬಟ್ಟೆ. ಕಲೆಯಿದ್ದರೆ ಸೌಮ್ಯ ಸೋಪಿನ ನೊರೆ ಮಾತ್ರ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಇಡಬೇಡಿ, ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿಡಿ, ಗಾಳಿಯಾಡಲಿ.

ಲೆಕ್ಕ ಹೀಗೆ. ರೆಕ್ಸಿನ್ 54 ಇಂಚು ಅಗಲ ಬರುತ್ತದೆ. ಒಂದು ಮೀಟರ್ ಅಂದರೆ ಹತ್ತಿರ ಹತ್ತಿರ 14.75 ಚದರ ಅಡಿ. ಎಂಟು ಮೀಟರಿಗೆ 118. ಲೆದರ್ ಉರುಳೆಯಲ್ಲಿ ಬರುವುದಿಲ್ಲ, ಪ್ರಾಣಿಯ ಆಕಾರದಲ್ಲಿ ಬರುತ್ತದೆ. ಅಂಚು ವಕ್ರ, ಅಲ್ಲಲ್ಲಿ ಮುಳ್ಳು ಗೀರಿದ ಗುರುತು, ಉಣ್ಣೆ ಕಚ್ಚಿದ ಗುರುತು, ಬರೆ ಹಾಕಿದ ಗುರುತು. ಶೇ. 30 ಸೇರಿಸಿ. 150ರಿಂದ 155 ಚದರ ಅಡಿ ಬೇಕಾಗುತ್ತದೆ.

ಇಷ್ಟು ಬೇಡ ಅನ್ನಿಸಿದರೆ ಕಾರು ಕಂಪನಿಗಳೇ ಮಾಡುವ ದಾರಿ ಇದೆ. ಮೈ ತಾಗುವ ಕಡೆ ಮಾತ್ರ ಲೆದರ್, ಸೀಟಿನ ಪಕ್ಕ, ಬೆನ್ನು, ಬಾಗಿಲಿಗೆ ಅದೇ ಬಣ್ಣದ ರೆಕ್ಸಿನ್. ಹೊಸ ಕಾರುಗಳ ‘ಲೆದರ್ ಸೀಟು’ ಎಷ್ಟೋ ಸಲ ಇಷ್ಟೇ.

ಇನ್ನೊಂದು ಮಾತು, ಬೇಜಾರಾಗಬೇಡಿ. ಪದ್ಮಿನಿಗೆ ಕಂಪನಿಯಿಂದ ಬಂದದ್ದೇ ರೆಕ್ಸಿನ್. ಹಳೇ ರೂಪ ಹಾಗೇ ಬರಬೇಕು ಅನ್ನುವುದಿದ್ದರೆ ಆಟೋಮೊಬೈಲ್ ದರ್ಜೆಯ ದಪ್ಪ ಪಿವಿಸಿ ರೆಕ್ಸಿನ್ ಸಾಕು. ಕರಾವಳಿಯಲ್ಲಿ ಅಗ್ಗದ ಪಿಯುಗಿಂತ ಅದು ಎಷ್ಟೋ ಮೇಲು. ಒಳ್ಳೇ ರೆಕ್ಸಿನ್ ಕೆಟ್ಟ ಲೆದರಿಗಿಂತ ಜಾಸ್ತಿ ಬಾಳುತ್ತದೆ, ಇದನ್ನು ನಾನು ಪ್ರತಿ ಗಿರಾಕಿಗೂ ಹೇಳುತ್ತೇನೆ. ಬೆಂಗಳೂರಿಗೆ ಬಂದರೆ ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಎರಡನ್ನೂ ಮುಟ್ಟಿ ನೋಡಿ. ಬರೀ ಫೋಟೊ ನೋಡಿ ತರಿಸಬೇಡಿ.

ಹುಬ್ಬಳ್ಳಿ_ಸವಾರಿ

ನಡುವೆ ಒಂದು ಪ್ರಶ್ನೆ ರೀ. ನಂದು ಹೊಸಾ ಗಾಡಿ, ಸೀಟಿನ ಬದಿಗೆ ‘ಏರ್‌ಬ್ಯಾಗ್’ ಅಂತ ಸಣ್ಣ ಚೀಟಿ ಐತಿ. ಇದಕ್ಕೂ ಲೆದರ್ ಹೊಲಿಸಬಹುದೇನು?

ಸೂಜಿದಾರ

ಆ ಚೀಟಿ ಇರುವ ಕಡೆ ಕೈ ಹಾಕಿಸಬೇಡಿ ಸರ್. ಏರ್‌ಬ್ಯಾಗ್ ಆ ಬದಿಯ ಹೊಲಿಗೆ ಹರಿದುಕೊಂಡೇ ಹೊರಗೆ ಬರಬೇಕು. ಅದಕ್ಕೇ ಅಲ್ಲಿ ಕಂಪನಿಯವರು ಅಳತೆ ಮಾಡಿದ ಬಲದ ಬೇರೆ ದಾರ ಹಾಕಿರುತ್ತಾರೆ. ಬೀದಿಯ ಟೇಲರ್ ಗಟ್ಟಿ ಇರಲಿ ಅಂತ ದಪ್ಪ ದಾರದಲ್ಲಿ ಹೊಲಿದರೆ ಅಪಘಾತದಲ್ಲಿ ಬ್ಯಾಗು ತಡವಾಗಿ ಬಿಚ್ಚಿಕೊಳ್ಳಬಹುದು, ದಿಕ್ಕು ತಪ್ಪಬಹುದು. ಕ್ಷಣದ ಸಣ್ಣ ಪಾಲಿನಲ್ಲಿ ಆಗುವ ಕೆಲಸ ಅದು. ಮೇಲೆ ಹಾಕುವ ಕವರೂ ಅಲ್ಲಿ ಮುಚ್ಚಬಾರದು. ಎಷ್ಟೋ ಗಾಡಿಗಳಲ್ಲಿ ಮುಂದಿನ ಪ್ರಯಾಣಿಕರ ಸೀಟಿನಡಿ ತೂಕ ಗುರುತಿಸುವ ಸೆನ್ಸರ್ ಇರುತ್ತದೆ, ಸ್ಪಂಜು ಬದಲಿಸಿದರೆ ಅದೂ ಏರುಪೇರು. ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಕೇಳಿ.

ಪದ್ಮಿನಿ_ಉಡುಪಿ

ಸ್ಯಾಂಪಲ್ ತಂದೆ. ನಾಲ್ಕು ತುಂಡು. ಏನೇನು ನೋಡಬೇಕು ಹೇಳಿ, ಈ ಬೇಸಿಗೆಯಲ್ಲೇ ನೋಡಿಬಿಡುತ್ತೇನೆ.

ರಾಣಿಪೇಟೆ_ಹದ

ಒಂದು ಹನಿ ನೀರು ಬಿಡಿ. ಕೂಡಲೇ ಕುಡಿದು ಕಪ್ಪಾದರೆ ಅದು ಲೇಪವಿಲ್ಲದ್ದು, ಪಕ್ಕಕ್ಕಿಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಇಪ್ಪತ್ತು ಸಲ ತಿಕ್ಕಿ. ಬಣ್ಣ ಬಂದರೆ ಬೆವರಿದ ಬಿಳಿ ಪಂಚೆಗೂ ಬರುತ್ತದೆ. ಉಳಿದವನ್ನು ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲಲ್ಲಿ ನಿಲ್ಲುವ ಕಾರಿನ ಹಿಂದಿನ ಗಾಜಿನಡಿ ಇಡಿ. ಬೇಸಿಗೆ ಕಳೆಯುವ ಹೊತ್ತಿಗೆ ರಟ್ಟು ತೆಗೆದರೆ ಬಣ್ಣ ಮಾಸಿದೆಯಾ, ಅಂಚು ಸುರುಟಿದೆಯಾ ಗೊತ್ತಾಗುತ್ತದೆ. ಅದನ್ನೇ ಎರಡಾಗಿ ಮಡಚಿ ಒತ್ತಿ ಬಿಡಿ. ಲೇಪ ಬಿರುಕು ಬಿಟ್ಟರೆ ಬೇಡ.

ಪದ್ಮಿನಿ_ಉಡುಪಿ

ಮಳೆ ಹಿಡಿಯಿತು, ಸ್ಯಾಂಪಲ್ ಹೊರಗೆ ತೆಗೆದೆ. ಒಂದು ತುಂಡು ನೀರು ಕುಡಿಯಿತು. ಒಂದು ತುಂಡಿನ ಮೇಲ್ಪದರ ಮಡಚಿದ ಕಡೆ ಉಗುರಿಗೆ ಎದ್ದು ಬಂತು, ಹಿಂದೆ ನಾರು ಇತ್ತು, ನೀವು ಹೇಳಿದ ಸ್ಪ್ಲಿಟ್ ಅದೇ ಇರಬೇಕು. ಕೆಂಪು ತುಂಡು ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಗಾಢ ಕಂದು ಮಾತ್ರ ರಟ್ಟಿನ ಒಳಗೂ ಹೊರಗೂ ಒಂದೇ ಉಂಟು. 1.2 ಮಿ.ಮೀ., ಕಾರಿಗೆಂದೇ ಮಾಡಿದ್ದು. ಸೋಫಾಕ್ಕೂ ಪದ್ಮಿನಿಯ ಕೂರುವ ಭಾಗಕ್ಕೂ ಅದನ್ನೇ ತರುತ್ತೇನೆ, ಸೀಟಿನ ಬದಿಗೆಲ್ಲ ರೆಕ್ಸಿನ್. ಟೇಲರಿಗೆ ಏನು ಹೇಳಬೇಕು?

ಸೂಜಿದಾರ

ಒಳ್ಳೇ ಆಯ್ಕೆ. ಕೂರುವ ತುಂಡುಗಳನ್ನು ಬೆನ್ನುಮೂಳೆಯ ಅಕ್ಕಪಕ್ಕದಿಂದಲೇ ಕತ್ತರಿಸಲು ಹೇಳಿ. ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ, ಅಲ್ಲಿ ಕೂತರೆ ಗುಳಿ ಬೀಳುತ್ತದೆ. ಅದು ಸೋಫಾದ ಹಿಂಭಾಗಕ್ಕೋ ಕೆಳಗಿನ ಪಟ್ಟಿಗೋ ಹೋಗಲಿ. ದಾರ ಬಾಂಡೆಡ್ ಪಾಲಿಯೆಸ್ಟರ್, ಅಂದರೆ ಎಳೆ ಬಿಚ್ಚದಂತೆ ಅಂಟಿನ ಲೇಪ ಕೊಟ್ಟದ್ದು. ಹತ್ತಿ ದಾರ ನಿಮ್ಮಲ್ಲಿ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಸೋಲುತ್ತದೆ. ಲೆದರಿಗೆ ಚೂಪು ಅಲಗಿನ ಲೆದರ್ ಸೂಜಿ, 18ನೇ ನಂಬರ್. ಅದೇ ಸೂಜಿಯಲ್ಲಿ ರೆಕ್ಸಿನ್ ಹೊಲಿದರೆ ತೂತಿನಿಂದ ಹರಿಯುತ್ತದೆ, ಬದಲಿಸಿಕೊಳ್ಳಲಿ. ಇಂಚಿಗೆ ಆರು ಏಳು ಹೊಲಿಗೆ ಸಾಕು. ಲೆದರಿನಲ್ಲಿ ತಪ್ಪು ಹೊಲಿಗೆ ಬಿಚ್ಚಿದರೆ ತೂತು ಮುಚ್ಚುವುದಿಲ್ಲ, ಅದಕ್ಕೇ ಮೊದಲು ಹಳೇ ಬೆಡ್‌ಶೀಟಿನಲ್ಲಿ ಒಂದು ಸೀಟು ಹೊಲಿದು ಹೊಂದಿಸಿ ನೋಡಲಿ.

ಲೆದರ್ ಎಲ್ಲಾ ಒಂದೇ ಲಾಟಿನಿಂದ, ಒಂದೇ ಸಲ ತಗೊಳ್ಳಿ. ಮುಂದಿನ ಲಾಟಿನ ಕಂದು ಇದೇ ಕಂದು ಆಗಿರುವುದಿಲ್ಲ. ಕತ್ತರಿಸಿ ಉಳಿದ ದೊಡ್ಡ ತುಂಡುಗಳನ್ನೂ ಅವರ ಹತ್ತಿರ ಬಿಡದೆ ಮನೆಗೆ ತನ್ನಿ, ಸುತ್ತಿಡಿ, ಮಡಚಬೇಡಿ.